ನೀರು ಚಟ್ನಿಯ ಜಗಳ

ವಿನೋಬನಗರದಲ್ಲಿ ನನಗೊಂದು ಕೆಟ್ಟ ಹೆಸರಿದೆ. ಬಹಳ ಜಂಬದವಳು, ಎದುರಿಗೆ ಸಿಕ್ಕರೂ ಮಾತಾಡಿಸುವುದಿಲ್ಲ, ಆಸ್ಪತ್ರೆಯಲ್ಲಿ ಕೂತೂ ಕೂತೂ ತಲೆ ತಿರುಗಿದೆ ಅಂತ. ನಿಜ, ತರಕಾರಿ ಅಂಗಡಿಯಲ್ಲಾಗಲಿ ಮದುವೆ ಛತ್ರದಲ್ಲಾಗಲಿ ನಾನಾಗಿ ಯಾರನ್ನೂ ಮೊದಲು ಮಾತಾಡಿಸಿದವಳಲ್ಲ. ಮನೆಯಿಂದ ಹೊರಗೆ ಕಾಲಿಟ್ಟ ಕೂಡಲೇ ನನ್ನ ಮುಖ ಊಟದ ಹೊತ್ತಿನ ಬ್ಯಾಂಕ್ ಕೌಂಟರಿನ ಹಾಗೆ ಮುಚ್ಚಿಕೊಳ್ಳುತ್ತದೆ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಈಗ ನಿವೃತ್ತಿಯಾಗಿದೆ, ಬಾಯಿ ಬಿಡಬಹುದು. ಅದು ಜಂಬ ಅಲ್ಲ ಮಾರಾಯರೇ, ಅದು ನನ್ನ ಕೆಲಸವೇ ಆಗಿತ್ತು.

ನಾನು ಶಿವಮೊಗ್ಗದಲ್ಲಿ ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಕೇಂದ್ರವೊಂದರಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ. ಹೆಸರು ದೊಡ್ಡದು. ಕೆಲಸ ಅಂದರೆ, ಮಾತ್ರೆ ಬೇಡ ಅನ್ನುವವರಿಗೆ ಬೇಕು ಅನ್ನಿಸುವ ತನಕ ಎದುರಿಗೆ ಕೂರಿಸಿಕೊಂಡು ಮಾತಾಡುವುದು. ಸೇರಿದ ಮೊದಲ ದಿನವೇ ಒಂದು ಪದ್ಧತಿ ಹೇಳಿಕೊಟ್ಟಿದ್ದರು. ನಮ್ಮಲ್ಲಿಗೆ ಬರುವವರು ಹೊರಗೆಲ್ಲಾದರೂ ಸಿಕ್ಕರೆ, ಅವರಾಗಿ ಮಾತಾಡಿಸುವ ತನಕ ನಾವು ಗುರುತು ತೋರಿಸುವ ಹಾಗಿಲ್ಲ. ನಾನೊಂದು ನಮಸ್ಕಾರ ಹೇಳಿದರೆ ಪಕ್ಕದಲ್ಲಿದ್ದವರು ‘ಇವರು ನಿಮಗೆ ಹೇಗೆ ಪರಿಚಯ’ ಅಂತ ಕೇಳಿಯೇ ಕೇಳುತ್ತಾರೆ. ಆಮೇಲೆ ಸುಳ್ಳು ಹುಡುಕುವ ಪಾಡು ಆ ಬಡಪಾಯಿಯದು. ಬಂದವರನ್ನೆಲ್ಲ ನೆನಪಿಟ್ಟುಕೊಳ್ಳಲು ಆಗುತ್ತದಾ? ಅದಕ್ಕೇ ನಾನು ಇಡೀ ಊರಿಗೇ ಗುರುತಿಲ್ಲದ ಮುಖ ತೋರಿಸಿಕೊಂಡು ಓಡಾಡಿದೆ.

ಒಮ್ಮೆ ನೆಂಟರ ಮದುವೆಯಲ್ಲಿ ಬೀಗರ ಕಡೆಯ ಒಬ್ಬ ಹಿರಿಯರನ್ನು ನನಗೆ ಪರಿಚಯ ಮಾಡಿಸಿದರು. ಅವರೂ ನಾನೂ ತಿಂಗಳು ತಿಂಗಳು ಎದುರುಬದುರು ಕೂತು ಮಾತಾಡುವವರು. ಇಬ್ಬರೂ ಅಪರಿಚಿತರ ಹಾಗೆ ಕೈ ಮುಗಿದೆವು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ತಾವು ಎಲ್ಲಿ ಕೆಲಸ ಮಾಡೋದು ಅಂತ ಕೇಳಿದರು. ಆರೋಗ್ಯ ಇಲಾಖೆ ಕಡೆ ಅಂದೆ. ಓಹೋ, ಯಾವ ಸೆಕ್ಷನ್ನು ಅಂದರು. ನಗು ತಡೆಯಲಾಗದೆ ಕೆಮ್ಮು ಬಂದವಳ ಹಾಗೆ ಎದ್ದು ಹೋದೆ. ಮುಂದಿನ ತಿಂಗಳು ಮಾತ್ರೆಗೆ ಬಂದಾಗ, ಹೇಗಿತ್ತು ಮೇಡಂ ನನ್ನ ಪಾರ್ಟು ಅಂತ ಕೇಳಿದರು. ಎರಡನೇ ಪ್ರಶ್ನೆ ಜಾಸ್ತಿಯಾಯಿತು ಅಂದೆ.

ಹೊಸದಾಗಿ ಈ ಕೆಲಸಕ್ಕೆ ಸೇರಿದ ಕೆಲವರು, ಅನುಭವ ಬರೆದುಕೊಡಿ ಮೇಡಂ ಅಂದಿದ್ದಕ್ಕೆ ಇದನ್ನೆಲ್ಲ ಬರೆಯುತ್ತಿದ್ದೇನೆ. ಪ್ರಮೋಷನ್ ವಿಷಯ ಕೇಳಬೇಡಿ, ನಮ್ಮ ಹುದ್ದೆಗೆ ಆ ಕಾಯಿಲೆಯೇ ಇಲ್ಲ. ಸೇರಿದ ಕುರ್ಚಿಯಲ್ಲೇ ನಿವೃತ್ತಿ. ಕುರ್ಚಿ ಮಾತ್ರ ಒಂದು ಸಲ ಬದಲಾಯಿಸಿದರು, ಅದೂ ಕಾಲು ಮುರಿದಿದ್ದಕ್ಕೆ.

ನಿಮಗೆ ಈಗಿನ ಕೆಲಸ ಎಷ್ಟೋ ಸಲೀಸು. ಪರೀಕ್ಷೆಯಲ್ಲಿ ಎಚ್‌ಐವಿ ಗೊತ್ತಾದರೆ ಎಲ್ಲರಿಗೂ ಬೇಗ ಮಾತ್ರೆ ಶುರು. ನಮ್ಮ ಕಾಲದಲ್ಲಿ ಹಾಗಿರಲಿಲ್ಲ. ರೋಗ ತಡೆಯುವ ಕಣಗಳು ರಕ್ತದಲ್ಲಿ ಎಷ್ಟಿವೆ ಅಂತ ನೋಡುತ್ತಿದ್ದರು, ಅದಕ್ಕೆ ಕೌಂಟ್ ಅಂತ ಹೆಸರು. ಕೌಂಟ್ ಬಿದ್ದವರಿಗೆ ಮಾತ್ರ ಮಾತ್ರೆ. ಚೆನ್ನಾಗಿದ್ದವರಿಗೆ ‘ಶಹಬ್ಬಾಸ್, ನಿಮಗಿನ್ನೂ ಬೇಡ, ಆರು ತಿಂಗಳು ಬಿಟ್ಟು ಬನ್ನಿ’ ಅಂತ ಬೆನ್ನು ತಟ್ಟಿ ಕಳಿಸುತ್ತಿದ್ದೆವು. ಆಮೇಲೆ ಕಾನೂನು ಬದಲಾಯಿತು. ಕಾಯಬಾರದು, ಕೌಂಟ್ ಎಷ್ಟೇ ಇರಲಿ ಶುರು ಮಾಡಬೇಕು ಅಂತ ಆದೇಶ ಬಂತು. ಒಳ್ಳೆಯದೇ, ಅದರಿಂದ ಎಷ್ಟೋ ಜೀವ ಉಳಿಯಿತು. ಆದರೆ ಯಾರ ಬೆನ್ನು ತಟ್ಟಿ ಕಳಿಸಿದ್ದೆವೋ ಅವರನ್ನೇ ವಾಪಸ್ ಕರೆದು, ನಿಮಗೆ ಮಾತ್ರೆ ಬೇಕು ಅನ್ನುವ ಕೆಲಸ ನನ್ನ ತಲೆಗೆ ಬಂತು. ನೀವೇ ಬೇಡ ಅಂದಿದ್ರಲ್ಲ, ಈಗ ಗೋಡೌನಲ್ಲಿ ಸ್ಟಾಕು ಜಾಸ್ತಿಯಾಗಿದೆಯಾ ಅಂತ ಒಬ್ಬರು ನೇರವಾಗಿಯೇ ಕೇಳಿದರು.

ಇದಕ್ಕಾಗಿ ನಮಗೊಂದು ತರಬೇತಿಯೂ ಆಯಿತು. ಹೊರಗಿನಿಂದ ಬಂದ ತರಬೇತುದಾರರು ನನ್ನನ್ನು ಮಾತ್ರೆ ಬೇಡ ಅನ್ನುವ ರೋಗಿಯಾಗಿ ಕೂರಿಸಿ, ತಾವು ಸಮಾಲೋಚಕರಾಗಿ ಎದುರಿಗೆ ಕೂತರು. ನಾನು ಬೇಡ ಅಂದರೆ ಬೇಡವೇ. ಅವರು ಎಡದಿಂದ ಬಂದರೆ ಬಲಕ್ಕೆ ತಿರುಗಿದೆ, ಬಲದಿಂದ ಬಂದರೆ ಅಳಲು ಶುರು ಮಾಡಿದೆ. ಕೊನೆಗೆ ಆ ಮನುಷ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಟೀ ಕುಡಿದು ಬರೋಣ ಅಂತ ಎದ್ದುಬಿಟ್ಟರು. ಆವತ್ತಿನಿಂದ ನಮ್ಮ ಕೇಂದ್ರದ ಡಾಕ್ಟರು ನನ್ನನ್ನು ನಾಟಕದ ಮೇಡಂ ಅಂತಲೇ ಕರೆಯುತ್ತಿದ್ದರು. ಆ ನಾಟಕ ಒಂದು ದಿನ ಕೆಲಸಕ್ಕೆ ಬಂತು, ಮುಂದೆ ಹೇಳುತ್ತೇನೆ.

ಜನ ಎಷ್ಟು ಹೆದರುತ್ತಾರೆ ಅನ್ನುವುದಕ್ಕೆ ಹೊಳೆಹೊನ್ನೂರು ಕಡೆಯ ಇಬ್ಬರು ದಾಯಾದಿಗಳ ಕಥೆ ಸಾಕು. ಗದ್ದೆ ಬದುವಿನ ಜಗಳದಲ್ಲಿ ಮಾತು ಬಿಟ್ಟವರು. ಒಬ್ಬನಿಗೆ ಇನ್ನೊಬ್ಬನ ವಿಷಯ ಗೊತ್ತಿಲ್ಲ, ಇಬ್ಬರೂ ನಮ್ಮಲ್ಲಿಗೇ ಬರುವವರು. ಒಂದು ದಿನ ನಮ್ಮ ವರಾಂಡದಲ್ಲೇ ಮುಖಾಮುಖಿಯಾದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ, ಯಾರೂ ಕೇಳದಿದ್ದರೂ ಒಬ್ಬ ‘ಸ್ನೇಹಿತ ಅಡ್ಮಿಟ್ ಆಗಿದಾನೆ, ನೋಡೋಕೆ ಬಂದೆ’ ಅಂದ. ನಾನೂ ಅಷ್ಟೇ ಅಂದ ಇನ್ನೊಬ್ಬ. ಇವನು ಹೋಗಲಿ ಅಂತ ಅವನು, ಅವನು ಹೋಗಲಿ ಅಂತ ಇವನು. ಕಾದೂ ಕಾದೂ ಬೇಸರವಾಗಿ ಕೊನೆಗೆ ಒಬ್ಬರಿಗೊಬ್ಬರು ಕಾಫಿ ಕುಡಿಸಿದರು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಇಬ್ಬರೂ ಒಟ್ಟಿಗೇ ಒಳಗೆ ಬಂದರು. ಆಮೇಲಿನ ತಿಂಗಳಿಂದ ಒಂದೇ ಬೈಕಿನಲ್ಲಿ ಬರತೊಡಗಿದರು. ಬದುವಿನ ಜಗಳ ಮಾತ್ರ ಇನ್ನೂ ಇದೆಯಂತೆ.

ಈಗ ಸೆಲ್ವಿಯ ವಿಷಯ. ಹೆಸರು ಬದಲಾಯಿಸಿದ್ದೇನೆ, ಉಳಿದದ್ದೆಲ್ಲ ಇದ್ದ ಹಾಗೇ. ಹೀಗೆ ಬರೆಯಲು ಅವಳೇ ಹೇಳಿದ್ದು.

ಸೆಲ್ವಿ ಭದ್ರಾವತಿಯವಳು. ಅವಳ ಮಾವ ಒಂದು ಕಾಲದಲ್ಲಿ ಕಾರ್ಖಾನೆ ಕೆಲಸಕ್ಕೆ ಅಂತ ತಮಿಳುನಾಡಿನಿಂದ ಬಂದು ಅಲ್ಲೇ ನೆಲೆಯಾದವರು. ಗಂಡ ಈ ಕಾಯಿಲೆಯಲ್ಲೇ ತೀರಿಕೊಂಡಿದ್ದ. ಉಳಿದವರು ಸೆಲ್ವಿ ಮತ್ತು ಅತ್ತೆ. ಕಾರ್ಖಾನೆ ಕಡೆಯ ರಸ್ತೆಯಲ್ಲಿ ಸೆಲ್ವಿಯದೊಂದು ಇಡ್ಲಿ ಗಾಡಿ, ಆ ಗಾಡಿಯ ಮೇಲೇ ಇಬ್ಬರ ಹೊಟ್ಟೆ. ಗಟ್ಟಿ ಧ್ವನಿ, ಹಣೆ ತುಂಬ ಕುಂಕುಮ, ಮಾತಿಗೆ ನಿಂತರೆ ನನ್ನನ್ನೇ ಸುಮ್ಮನಾಗಿಸುವ ಹೆಂಗಸು. ಗಂಡ ಸತ್ತ ಮೇಲೆ ಕುಂಕುಮ ಯಾಕೆ ಅಂತ ಯಾರೋ ಕೇಳಿದ್ದಕ್ಕೆ, ಇಡ್ಲಿ ತಿನ್ನೋಕೆ ಬಂದಿದೀಯೋ ಹಣೆ ನೋಡೋಕೋ ಅಂದಿದ್ದಳಂತೆ.

ಅವಳ ಕೌಂಟ್ ಮೊದಲಿನಿಂದಲೂ ಬಹಳ ಚೆನ್ನಾಗಿತ್ತು. ಹಳೇ ಕಾನೂನಿನ ಕಾಲ, ಹಾಗಾಗಿ ಮಾತ್ರೆ ಇಲ್ಲ. ಆರು ತಿಂಗಳಿಗೊಮ್ಮೆ ಬಂದು ರಕ್ತ ಕೊಟ್ಟು, ರಿಸಲ್ಟಿನ ದಿನ ಮದುವೆಗೆ ಬಂದವಳ ಹಾಗೆ ಹೂ ಮುಡಿದು ಬರುತ್ತಿದ್ದಳು. ನಾನೂ ಧಾರಾಳವಾಗಿ ಹೊಗಳುತ್ತಿದ್ದೆ. ಏನು ಸೆಲ್ವಿ, ನಮ್ಮ ಡಾಕ್ಟರಿಗಿಂತ ನಿನ್ನ ಕೌಂಟೇ ಚೆನ್ನಾಗಿದೆಯಲ್ಲ ಅಂದರೆ, ಹೋಗಿ ಮೇಡಂ ಅಂತ ನಾಚುತ್ತಿದ್ದಳು.

ಕಾನೂನು ಬದಲಾದ ಮೇಲೆ ಅವಳನ್ನು ಕೂರಿಸಿ, ಇನ್ನು ಮಾತ್ರೆ ಶುರು ಮಾಡೋಣ ಅಂದೆ. ಮುಖ ಗಂಟಾಯಿತು. ನಂಗೇನಾಗಿದೆ ಮೇಡಂ, ನಾನು ಚೆನ್ನಾಗಿದೀನಿ ಅಂದಳು. ಚೆನ್ನಾಗಿರುವಾಗಲೇ ಶುರು ಮಾಡಿದರೆ ಚೆನ್ನಾಗಿಯೇ ಇರ್ತೀಯ, ನಿನ್ನ ಗಂಡ ಬಂದಾಗ ತಡವಾಗಿತ್ತು ಅಂತ ಬಿಡಿಸಿ ಹೇಳಿದೆ. ತಲೆ ಆಡಿಸಿದಳು, ಬೇಡ ಅಂದಳು. ನಮ್ಮ ಡಾಕ್ಟರು ಒಳ್ಳೆಯವರು, ಆದರೆ ಮಾತಿಗಿಂತ ಚಿತ್ರದಲ್ಲಿ ನಂಬಿಕೆ. ಬೋರ್ಡಿನ ಮೇಲೆ ವೈರಸ್ಸಿನ ಚಿತ್ರ ಬರೆದು, ಅದಕ್ಕೆ ಸುತ್ತ ಮುಳ್ಳು ಹಾಕಿ, ಮಾತ್ರೆ ಎಲ್ಲಿ ಹೋಗಿ ಅದನ್ನು ತಡೆಯುತ್ತದೆ ಅಂತ ಬಾಣ ಎಳೆದು ತೋರಿಸಿದರು. ಸೆಲ್ವಿ ಗಮನವಿಟ್ಟು ನೋಡಿ, ಹಲಸಿನಕಾಯಿ ಚೆನ್ನಾಗಿ ಬರೆದಿದೀರ ಸಾರ್ ಅಂದಳು. ಡಾಕ್ಟರು ಚಾಕ್‌ಪೀಸ್ ಕೆಳಗಿಟ್ಟರು.

ಹೀಗೇ ಹಗ್ಗಜಗ್ಗಾಟ ನಡೆಯಿತು. ಅದರ ಮುಂದಿನ ಸಲ ರಕ್ತ ಕೊಟ್ಟಾಗ ಕೌಂಟ್ ಬಿದ್ದಿತ್ತು, ಸ್ವಲ್ಪ ಅಲ್ಲ, ಚೆನ್ನಾಗಿಯೇ ಬಿದ್ದಿತ್ತು. ರಿಸಲ್ಟ್ ಕೇಳಲು ಅವಳು ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ತನಗೇ ಏನೋ ಗೊತ್ತಾಗಿತ್ತೋ ಏನೋ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗಂಡನೂ ಹೀಗೇ ದಿನ ಮುಂದೂಡಿದ್ದ, ಕೊನೆಗೆ ಬಂದಾಗ ಎದ್ದು ನಿಲ್ಲಲೂ ಶಕ್ತಿಯಿರಲಿಲ್ಲ. ಅವನನ್ನು ಅವಳೇ ತೋಳು ಹಿಡಿದು ಕರೆತಂದಿದ್ದು ನನ್ನ ಕಣ್ಣೆದುರಿಗೇ ಇತ್ತು.

ಬರುವುದು ಬಿಟ್ಟವರನ್ನು ಹೊರಗೆ ಓಡಾಡಿ ಹುಡುಕುವ ಕಾರ್ಯಕರ್ತರು ನಮ್ಮಲ್ಲಿದ್ದರು. ಆದರೆ ಭದ್ರಾವತಿಯಲ್ಲಿ ಅವರ ಗುರುತು ಕೆಲವರಿಗೆ ಸಿಕ್ಕಿಬಿಟ್ಟಿತ್ತು, ಅವರು ಗಾಡಿಯ ಹತ್ತಿರ ನಿಂತರೆ ಸೆಲ್ವಿಗೆ ಕಷ್ಟ. ನನ್ನ ಮುಖ ಅಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ರಜೆಯ ದಿನ ಬೆಳಿಗ್ಗೆ ಬಸ್ ಹತ್ತಿ ಹೋದೆ. ಗಿರಾಕಿಯ ಹಾಗೆ ಕೂತು ಇಡ್ಲಿ ತಿಂದು ಬರುವುದು, ನಾನು ಬಿಟ್ಟಿಲ್ಲ ನಿನ್ನನ್ನು ಅಂತ ಅವಳಿಗೆ ತಿಳಿದರೆ ಸಾಕು ಅನ್ನುವುದು ನನ್ನ ಯೋಚನೆ. ಒಂದು ಮಾತೂ ಆಡುವ ಯೋಚನೆ ಇರಲಿಲ್ಲ.

ಗಾಡಿಯ ಸುತ್ತ ಒಳ್ಳೇ ಜನ. ಶಿಫ್ಟ್ ಮುಗಿಸಿ ಬಂದವರು, ಆಟೋದವರು, ಸ್ಕೂಲಿಗೆ ಹೊರಟ ಒಬ್ಬ ಮೇಷ್ಟ್ರು. ನಾನು ಬೆಂಚಿನ ತುದಿಯಲ್ಲಿ ಕೂತೆ. ಸೆಲ್ವಿ ತಿರುಗಿ ನೋಡಿದಳು. ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು, ಮುಖ ಬಿಳುಚಿಕೊಂಡಿತು. ಎಲ್ಲರ ಎದುರಿಗೆ ನಾನೇನಾದರೂ ಅಂದುಬಿಟ್ಟರೆ ಅನ್ನುವ ಭಯ. ನನ್ನ ಕಡೆ ನೋಡದೆಯೇ ತಟ್ಟೆ ಚಾಚಿದಳು. ಅಷ್ಟು ಹೊತ್ತಿಗೆ ಪಕ್ಕದಲ್ಲಿದ್ದ ಆಟೋದವನು ಅವಳನ್ನೂ ನನ್ನನ್ನೂ ನೋಡಿ, ಅಕ್ಕಂಗೆ ಪರಿಚಯನಾ ನೀವು ಅಂತ ಕೇಳಿಯೇಬಿಟ್ಟ. ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

ಇಲ್ಲ ಅಂದರೆ ಯಾರು ನಂಬುತ್ತಾರೆ, ಅವಳ ಮುಖ ಹಾಗಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಆ ಕ್ಷಣಕ್ಕೆ ನನಗೆ ಜಗಳವೇ ಬೇಕಾಗಿತ್ತು. ತಟ್ಟೆ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಓರೆ ಮಾಡಿದೆ.

“ಏನಮ್ಮ ಇದು, ಚಟ್ನಿನಾ? ತೆಂಗಿನಕಾಯಿ ತೊಳೆದ ನೀರಾ?”

ಸೆಲ್ವಿ ಒಂದು ಗಳಿಗೆ ಕಕ್ಕಾಬಿಕ್ಕಿಯಾದಳು. ಆಮೇಲೆ ಅವಳ ಮುಖಕ್ಕೆ ರಕ್ತ ವಾಪಸ್ ಬಂದದ್ದನ್ನು ನಾನು ಕಣ್ಣಾರೆ ನೋಡಿದೆ. ಸೌಟು ಎತ್ತಿಕೊಂಡು ಶುರು ಮಾಡಿದಳು ನೋಡಿ. ಇಷ್ಟು ವರ್ಷದಿಂದ ಊರೇ ತಿಂತಿದೆ, ಯಾರೂ ಉಸಿರೆತ್ತಿಲ್ಲ, ಎಲ್ಲಿಂದಲೋ ಬಂದ ಮಹಾರಾಣಿಗೆ ಚಟ್ನಿ ಗಟ್ಟಿ ಬೇಕಂತೆ, ಇಲ್ಲಿ ಇಡ್ಲಿ ಮುಳುಗಬೇಕು, ಗಟ್ಟಿ ಬೇಕಿದ್ರೆ ಮನೇಲಿ ರುಬ್ಕೊಂಡು ತಿನ್ನಿ ಅಂತ. ನಾನೂ ಬಿಡಲಿಲ್ಲ. ಆಟೋದವನು ಸೆಲ್ವಿಯ ಪರ ನಿಂತ. ಮೇಷ್ಟ್ರು ಮಾತ್ರ ತಗ್ಗಿದ ದನಿಯಲ್ಲಿ, ಸ್ವಲ್ಪ ನೀರು ಹೌದು ಅಂದು ಅವಳ ಒಂದು ನೋಟಕ್ಕೆ ತಟ್ಟೆಯೊಳಗೆ ಮುಖ ಹಾಕಿದರು. ಪರಿಚಯದ ಮಾತು ಎಲ್ಲರಿಗೂ ಮರೆತೇಹೋಯಿತು.

ಜಗಳದ ಬಿಸಿಯಲ್ಲೇ, ಇನ್ನೊಂದು ಪ್ಲೇಟ್ ಕೊಡು ನೋಡ್ತೀನಿ, ಅದೂ ಹೀಗೇ ಇರುತ್ತಾ ಅಂತ ಅಂದೆ. ಅದನ್ನೂ ತಿಂದೆ. ಕೊನೆಗೆ ಉಳಿದ ಚಟ್ನಿಯನ್ನು ತಟ್ಟೆ ಎತ್ತಿ ಕುಡಿದೆ. ಸುಳ್ಳು ಯಾಕೆ, ನೀರಾದರೂ ರುಚಿ ಇತ್ತು. ಬೈತಾ ಬೈತಾ ಎರಡು ಪ್ಲೇಟ್ ಹೊಡೆದ್ರಲ್ಲಮ್ಮ ಅಂತ ಆಟೋದವನು ನಕ್ಕ. ನಾನು ಸೆರಗು ಕೊಡವಿ, ಹಿಂತಿರುಗಿ ನೋಡದೆ ಹೊರಟುಬಂದೆ.

ಬಸ್ಸಿನಲ್ಲಿ ಮಲವಗೊಪ್ಪ ದಾಟುವಷ್ಟರಲ್ಲಿ ಅಳು ಬಂತು. ಹೋಗಬಾರದಿತ್ತೇನೋ, ಇನ್ನು ಅವಳು ಯಾವತ್ತೂ ಬರಲಾರಳು ಅನ್ನಿಸಿತು. ಕಿಟಕಿ ಕಡೆ ಮುಖ ಮಾಡಿಕೊಂಡು, ಕಣ್ಣಿಗೆ ಧೂಳು ಬಿದ್ದವಳ ಹಾಗೆ ಒರೆಸಿಕೊಂಡೆ.

ಆ ವಾರವೇ ಸೆಲ್ವಿ ಬಂದಳು. ಹೂ ಮುಡಿದಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು ಸೆರಗಿನ ತುದಿ ಸುತ್ತುತ್ತಿದ್ದಳು. ಚಟ್ನಿಗೆ ಹಾಗನ್ನಬಾರದಿತ್ತು ಅಂತ ಬೈಯಲು ಬಂದಿದ್ದಾಳೆ ಅಂದುಕೊಂಡೆ.

“ಗೊತ್ತಿದ್ದೂ ತಿಂದ್ರಿ ಮೇಡಂ,” ಅಂದಳು. “ನನ್ನ ವಿಷಯ ಎಲ್ಲ ಗೊತ್ತಿದ್ದೂ ನನ್ನ ಕೈ ಇಡ್ಲಿ ತಿಂದ್ರಿ. ತಟ್ಟೆ ಎತ್ತಿ ಕುಡಿದ್ರಿ. ನಾನು ನೋಡ್ತಾನೇ ಇದ್ದೆ.”

ಆಮೇಲೆ ಒಂದೊಂದಾಗಿ ಹೊರಗೆ ಬಂತು. ತಿನ್ನುವುದರಿಂದ, ಮುಟ್ಟುವುದರಿಂದ ಇದು ಹರಡುವುದಿಲ್ಲ ಅಂತ ನಾನು ಅವಳಿಗೆ ಸಾವಿರ ಸಲ ಹೇಳಿದ್ದೆ. ಪ್ರತಿ ಸಲವೂ ತಲೆ ಆಡಿಸಿದ್ದಳು. ಒಳಗೊಳಗೇ ಅವಳು ಮಾಡಿಕೊಂಡಿದ್ದ ಲೆಕ್ಕವೇ ಬೇರೆ. ಕೌಂಟ್ ಚೆನ್ನಾಗಿದೆ ಅಂದರೆ ತಾನು ರೋಗಿ ಅಲ್ಲ, ಗಾಡಿ ನಡೆಸಬಹುದು. ಆರು ತಿಂಗಳಿಗೊಮ್ಮೆ ಹೂ ಮುಡಿದು ಬರುತ್ತಿದ್ದದ್ದು ಆ ಅಪ್ಪಣೆಗೆ. ಮಾತ್ರೆ ನುಂಗಿದ ದಿನ ತಾನು ರೋಗಿ. ರೋಗಿಯಾದವಳು ಊರಿನವರಿಗೆ ತಿನ್ನಿಸುವುದು ಪಾಪ, ಅವತ್ತೇ ಗಾಡಿ ನಿಲ್ಲಿಸಬೇಕು. ನಿಲ್ಲಿಸಿದರೆ ಅತ್ತೆಯ ಹೊಟ್ಟೆಗೆ ಏನು ಹಾಕುವುದು? ಅದಕ್ಕೇ ಬೇಡ ಅಂದಿದ್ದಳು. ಸುಳ್ಳು ಹೇಳಿ ಗಾಡಿ ನಡೆಸುವ ಹೆಂಗಸಲ್ಲ ಅವಳು. ತಾನು ಸಾಯಬಹುದು, ಇನ್ನೊಬ್ಬರಿಗೆ ಕೆಟ್ಟದ್ದಾಗಬಾರದು ಅನ್ನುವ ಹೆಂಗಸು.

ನಮ್ಮ ತರಬೇತಿಯಲ್ಲಿ ಸಮಾಲೋಚಕರು ಅಳಬಾರದು ಅಂತ ಹೇಳಿಕೊಡುತ್ತಾರೆ, ಅದನ್ನು ಹೇಳಿದವರು ಯಾರೂ ಸೆಲ್ವಿಯ ಎದುರು ಕೂತಿರಲಿಲ್ಲ. ಇಬ್ಬರೂ ಅತ್ತೆವು. ಕೌಂಟ್ ಬಿದ್ದ ಸುದ್ದಿಯನ್ನೂ ಆಗಲೇ ಹೇಳಿದೆ. ಗೊತ್ತಿತ್ತು, ಗಾಡಿ ತಳ್ಳುವಾಗ ಏದುಸಿರು ಬರ್ತಿತ್ತು ಅಂದಳು. ಮಾತ್ರೆ ನುಂಗಿದರೂ ಗಾಡಿ ನಡೆಸಬಹುದಾ ಅಂತ ಒಮ್ಮೆ ಕೇಳಿದಳು. ನಡೆಸದಿದ್ದರೆ ನನಗೆ ಇಡ್ಲಿ ಯಾರು ಕೊಡ್ತಾರೆ ಅಂದೆ. ಡಾಕ್ಟರು ಒಳಗೆ ಬಂದು ಅಭ್ಯಾಸಬಲದಿಂದ ಚಾಕ್‌ಪೀಸ್ ಎತ್ತಿಕೊಂಡರು. ಹಲಸಿನಕಾಯಿ ಬೇಡ ಸಾರ್, ಮಾತ್ರೆ ಕೊಡಿ ಅಂದಳು ಸೆಲ್ವಿ.

ಶುರುವಿನ ಪರೀಕ್ಷೆಗಳೆಲ್ಲ ಮುಗಿದು ಮಾತ್ರೆ ಕೈಗೆ ಸಿಕ್ಕಿತು. ಆಗಿನ ಮಾತ್ರೆ ಈಗಿನ ಹಾಗೆ ಸಾಧುವಾಗಿರಲಿಲ್ಲ. ಮೊದಲ ವಾರಗಳಲ್ಲಿ ತಲೆ ತಿರುಗುವುದು, ಬಣ್ಣಬಣ್ಣದ ಕನಸು ಬೀಳುವುದು ಇತ್ತು. ಅದಕ್ಕೇ ಮಲಗುವ ಮುಂಚೆ ನುಂಗಿ ಅನ್ನುತ್ತಿದ್ದೆವು. ಸೆಲ್ವಿಗೆ ಕನಸಿನಲ್ಲಿ ಸತ್ತ ಗಂಡ ಗಾಡಿಗೆ ಬಂದು ಇಡ್ಲಿ ಕೇಳಿದನಂತೆ, ತಿಂದು ಅವನೂ ಚಟ್ನಿ ನೀರು ಅಂದನಂತೆ. ನೀವೇ ಹೇಳಿಕೊಟ್ಟು ಕಳಿಸಿದ್ರಾ ಅಂತ ನನ್ನನ್ನು ಗದರಿಸಿದಳು.

ಇನ್ನೊಂದು ತಲೆನೋವು ಅತ್ತೆ. ಒಂದೇ ಕೋಣೆಯ ಮನೆ, ಅತ್ತೆಯ ಕಣ್ಣು ತಪ್ಪಿಸಿ ಒಂದು ಇರುವೆ ಓಡಾಡುವ ಹಾಗಿಲ್ಲ. ಮಗನಿಗೆ ಏನಾಗಿತ್ತು ಅಂತ ಆ ಮುದುಕಿಗೆ ಯಾರೂ ಹೇಳಿರಲಿಲ್ಲ, ಸೊಸೆಯ ವಿಷಯವಂತೂ ಇಲ್ಲವೇ ಇಲ್ಲ. ಬಾಟಲಿ ಅಲ್ಲಾಡಿದರೆ ಮಾತ್ರೆ ಗಲಗಲ ಅನ್ನುತ್ತದೆ. ಬಹಳ ಜನ ಬಾಟಲಿಯೊಳಗೆ ಹತ್ತಿ ತುರುಕಿ ಸದ್ದು ಅಡಗಿಸುತ್ತಿದ್ದರು. ಸೆಲ್ವಿ ಬಾಟಲಿಯನ್ನೇ ಬಟ್ಟೆಯಲ್ಲಿ ಸುತ್ತಿ ಮೆಂತ್ಯದ ಡಬ್ಬದೊಳಗೆ ಹೂತಿಟ್ಟಳು. ಇಡ್ಲಿ ಹಿಟ್ಟಿಗೆ ಮೆಂತ್ಯ ಹಾಕುವುದು ಅವಳದೇ ಕೆಲಸ, ಆ ಡಬ್ಬವನ್ನು ಅತ್ತೆ ಮುಟ್ಟುತ್ತಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಬಂದು ಕೂತವಳು, ನಗಬೇಕೋ ಅಳಬೇಕೋ ಗೊತ್ತಿಲ್ಲದ ಮುಖದಲ್ಲಿ ಹೇಳಿದಳು. ಒಂದು ರಾತ್ರಿ ಸುಸ್ತಾಗಿ ಮಾತ್ರೆ ಮರೆತು ಹಾಸಿಗೆ ಬಿಚ್ಚುತ್ತಿದ್ದಳಂತೆ. ಅತ್ತೆ ಎದ್ದು ಹೋಗಿ, ಒಂದು ಲೋಟದಲ್ಲಿ ನೀರು ತಂದು ಮೆಂತ್ಯದ ಡಬ್ಬದ ಪಕ್ಕದಲ್ಲಿಟ್ಟು, ಗೋಡೆ ಕಡೆ ತಿರುಗಿ ಮಲಗಿದರಂತೆ. ಮಾರನೇ ರಾತ್ರಿಯೂ ಡಬ್ಬದ ಪಕ್ಕದಲ್ಲಿ ನೀರಿತ್ತು. ಅದರ ಮಾರನೇ ರಾತ್ರಿಯೂ. ಇಡೀ ಊರಿಗೆ ಗುರುತಿಲ್ಲದ ಮುಖ ತೋರಿಸುವುದರಲ್ಲಿ ನಾನೇ ನಿಪುಣೆ ಅಂದುಕೊಂಡಿದ್ದೆ. ಆ ಅಜ್ಜಿ ಒಂದೇ ಕೋಣೆಯಲ್ಲಿದ್ದುಕೊಂಡು ಅದನ್ನು ಮಾಡಿತ್ತು.

ಸೆಲ್ವಿ ಚೇತರಿಸಿಕೊಂಡಳು, ಗಾಡಿ ತಳ್ಳುವಾಗಿನ ಏದುಸಿರು ಹೋಯಿತು. ರಕ್ತದಲ್ಲಿ ವೈರಸ್ಸು ಹುಡುಕಿದರೂ ಸಿಗದಷ್ಟು ಕಡಿಮೆಯಾಗಿದೆ ಅನ್ನುವ ರಿಸಲ್ಟ್ ಬಂದ ದಿನ ಮತ್ತೆ ಹೂ ಮುಡಿದಿದ್ದಳು. ಇಷ್ಟಾದರೂ ಹೊರಗೆ ಸಿಕ್ಕಾಗ ಅವಳು ನನ್ನನ್ನು ಮಾತಾಡಿಸಲಿಲ್ಲ, ನಾನೂ ಮಾತಾಡಿಸಲಿಲ್ಲ. ನಾನು ನಿವೃತ್ತಿಯಾದೆ. ಶಾಲು, ಹಾರ, ಭಾಷಣ ಎಲ್ಲ ಆಯಿತು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಮೊನ್ನೆ ನೆಂಟರ ಮನೆಯ ನಾಮಕರಣಕ್ಕೆ ಅಂತ ಭದ್ರಾವತಿ ಬಸ್ ಹತ್ತಿದ್ದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ನನ್ನ ಪಕ್ಕದಲ್ಲಿ ಮಾತಿಗೆ ಹಸಿದ ಒಬ್ಬ ಹೆಂಗಸು. ಬಸ್ ಹೊರಡುವ ಹೊತ್ತಿಗೆ ಸೆಲ್ವಿ ಹತ್ತಿ ನಮ್ಮ ಸೀಟಿಗೆ ಒರಗಿ ನಿಂತಳು. ಬಗಲಲ್ಲಿ ಚೀಲ, ಮಾತ್ರೆ ತೆಗೆದುಕೊಂಡು ಬಂದಿದ್ದಾಳೆ ಅಂತ ನನಗೆ ಗೊತ್ತಾಯಿತು. ಹಳೇ ಅಭ್ಯಾಸ, ನನ್ನ ಮುಖ ತಾನಾಗಿಯೇ ಮುಚ್ಚಿಕೊಂಡು ಕಿಟಕಿ ಕಡೆ ತಿರುಗಿತು. ಮಲವಗೊಪ್ಪದ ತನಕ ನಾನು ಆಚೆಯ ಅಂಗಡಿಗಳ ಬೋರ್ಡುಗಳನ್ನೇ ಓದುತ್ತಿದ್ದೆ.

ಆಗ ಹೆಗಲ ಮೇಲೆ ಕೈ ಬಿತ್ತು. “ರಿಟೈರ್ ಆದ್ಮೇಲೂ ಮಾತಾಡ್ಸಲ್ವಾ ಮೇಡಂ?” ಅಂದಳು, ಅರ್ಧ ಬಸ್ಸಿಗೆ ಕೇಳುವ ಹಾಗೆ.

ಪಕ್ಕದ ಹೆಂಗಸಿಗೆ ಅಷ್ಟೇ ಸಾಕಿತ್ತು. ಸೆಲ್ವಿಯ ಕಡೆ ತಿರುಗಿ, ಇವರು ನಿಮಗೆ ಹೇಗೆ ಪರಿಚಯ ಅಂತ ಕೇಳಿದರು. ಕೆಲಸದಲ್ಲಿದ್ದಷ್ಟು ಕಾಲವೂ ಯಾವ ಪ್ರಶ್ನೆಗೆ ಹೆದರಿ ಮುಖ ಮುಚ್ಚಿಕೊಂಡಿದ್ದೆನೋ ಅದೇ ಪ್ರಶ್ನೆ. ಸೆಲ್ವಿ ಒಂದು ಚೂರೂ ತಡವರಿಸಲಿಲ್ಲ.

“ನಮ್ಮ ಗಾಡಿಗೆ ಬಂದು ಚಟ್ನಿ ನೀರು ಅಂತ ಜಗಳ ಆಡಿದೋರು ಇವರೇ,” ಅಂದಳು. “ಅವತ್ತಿಂದ ನಂಗೆ ಬಹಳ ಬೇಕಾದೋರು.”

ನಾಮಕರಣ ಮುಗಿಸಿ ಆ ರಾತ್ರಿ ನೆಂಟರ ಮನೆಯಲ್ಲೇ ಉಳಿದುಕೊಂಡೆ. ಬೆಳಿಗ್ಗೆ ಎದ್ದವಳೇ ಗಾಡಿಯ ಹತ್ತಿರ ಹೋಗಿ ಇಡ್ಲಿ ತಟ್ಟೆ ಹಿಡಿದು ಕೂತೆ. ಅತ್ತೆ ಬೆಂಚಿನ ಮೇಲೆ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ಒಂದು ಸಲ ನೋಡಿ, ಎದ್ದು ಹೋಗಿ ಒಂದು ಲೋಟ ನೀರು ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟರು. ಚಟ್ನಿ ಇನ್ನೂ ನೀರೇ ಇತ್ತು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.